25 ಫೆಮ್ಟೋಜೂಲಿನ ಉಂಗುರ: ಸಿಲಿಕಾನ್ ಮೈಕ್ರೋರಿಂಗ್ ಮಾಡ್ಯುಲೇಟರ್ ವಿನ್ಯಾಸ, ಅಳತೆ ಮತ್ತು ಶಕ್ತಿಯ ಲೆಕ್ಕ

ಲೇಸರ್ ಒಂದೇ ಸಮನೆ ಬೆಳಗುತ್ತಿರುತ್ತದೆ. ಆ ಬೆಳಕನ್ನು ಸೆಕೆಂಡಿಗೆ 5,000 ಕೋಟಿ ಸಲ ಹೆಚ್ಚು ಕಡಿಮೆ ಮಾಡಿ ಅದರ ಮೇಲೆ 1 ಮತ್ತು 0 ಬರೆಯುವುದೇ ಮಾಡ್ಯುಲೇಟರ್ ಕೆಲಸ. ಈ ಕೆಲಸವನ್ನು ಕೂದಲಿನ ದಪ್ಪಕ್ಕಿಂತ ಚಿಕ್ಕದಾದ ಒಂದು ಸಿಲಿಕಾನ್ ಉಂಗುರ ಮಾಡುತ್ತದೆ. ಅದನ್ನು ವಿನ್ಯಾಸ ಮಾಡುವುದು ಹೇಗೆ, ಚಿಪ್ ಕೈಗೆ ಬಂದ ಮೇಲೆ ಅಳೆಯುವುದು ಹೇಗೆ, ಕೊನೆಗೆ ಒಂದು ಬಿಟ್‌ಗೆ ನಿಜವಾಗಿ ಎಷ್ಟು ಶಕ್ತಿ ಹೋಯಿತು ಎಂದು ಲೆಕ್ಕ ಹಾಕುವುದು ಹೇಗೆ, ಇವಿಷ್ಟನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಎಂಟೆಕ್ ಅಥವಾ ಪಿಎಚ್‌ಡಿ ಶುರು ಮಾಡುತ್ತಿರುವವರು, ಎಲೆಕ್ಟ್ರಾನಿಕ್ಸ್ ಕಡೆಯಿಂದ ಫೋಟೋನಿಕ್ಸ್‌ಗೆ ಬರುತ್ತಿರುವವರು ನನ್ನ ಮನಸ್ಸಿನಲ್ಲಿದ್ದಾರೆ. ಡಯೋಡ್ ಗೊತ್ತಿದ್ದರೆ, ಡೆಸಿಬೆಲ್ ಲೆಕ್ಕ ಬಂದರೆ ಸಾಕು.

ಯಾಕೆ ಉಂಗುರವೇ?

ಸಿಲಿಕಾನ್‌ನಲ್ಲಿ ಬೆಳಕನ್ನು ಬದಲಿಸಲು ನಮಗಿರುವ ಮುಖ್ಯ ದಾರಿ ಒಂದೇ. ಎಲೆಕ್ಟ್ರಾನ್ ಮತ್ತು ಹೋಲ್‌ಗಳ ಸಂಖ್ಯೆ ಬದಲಾದರೆ ವಕ್ರೀಭವನ ಸೂಚ್ಯಂಕವೂ ಸ್ವಲ್ಪ ಬದಲಾಗುತ್ತದೆ. ಸೋರೆಫ್ ಮತ್ತು ಬೆನೆಟ್ 1987ರಲ್ಲಿ ಇದಕ್ಕೆ ಕೊಟ್ಟ ಸೂತ್ರಗಳನ್ನು ಇವತ್ತಿಗೂ ಎಲ್ಲರೂ ಬಳಸುತ್ತಾರೆ. ಆದರೆ ಬದಲಾವಣೆ ತುಂಬಾ ಚಿಕ್ಕದು. ಘನ ಸೆಂಟಿಮೀಟರಿಗೆ 10¹⁸ ಹೋಲ್ ಸೇರಿಸಿದರೂ ಸೂಚ್ಯಂಕ ಕದಲುವುದು ಸುಮಾರು 0.002 ಅಷ್ಟೇ.

ಇಷ್ಟು ಸಣ್ಣ ಬದಲಾವಣೆಯಿಂದ ಕೆಲಸ ತೆಗೆಯಲು ಎರಡು ದಾರಿ ಇವೆ. ಒಂದು, ಬೆಳಕನ್ನು ಉದ್ದಕ್ಕೆ ಓಡಿಸುವುದು. ಮಾಕ್-ಜೆಂಡರ್ ಮಾಡ್ಯುಲೇಟರ್ ಹೀಗೆ ಮಾಡುತ್ತದೆ, ಅದಕ್ಕೇ ಅದು ಮಿಲಿಮೀಟರ್‌ಗಟ್ಟಲೆ ಉದ್ದ ಇರುತ್ತದೆ. ಇನ್ನೊಂದು, ಬೆಳಕನ್ನು ಚಿಕ್ಕ ಜಾಗದಲ್ಲೇ ಮತ್ತೆ ಮತ್ತೆ ಸುತ್ತಿಸುವುದು. ವಿಜಯಪುರದ ಗೋಲ ಗುಮ್ಮಟದಲ್ಲಿ ಗೋಡೆಗೆ ಬಾಯಿ ಹತ್ತಿರ ಇಟ್ಟು ಪಿಸುಗುಟ್ಟಿದರೆ ಸದ್ದು ದುಂಡನೆಯ ಗೋಡೆಯನ್ನು ಹಿಡಿದೇ ಆಚೆ ಬದಿಗೆ ಹೋಗುತ್ತದೆ, ಅಲ್ವಾ? ಉಂಗುರದಲ್ಲಿ ಬೆಳಕು ಹಾಗೇ ಸುತ್ತುತ್ತದೆ. ಸುತ್ತಳತೆಯಲ್ಲಿ ಪೂರ್ಣ ಸಂಖ್ಯೆಯ ಅಲೆಗಳು ಕೂತರೆ ಅನುರಣನ. ಆ ಬಣ್ಣ ಉಂಗುರದೊಳಗೆ ಸಿಕ್ಕಿಕೊಳ್ಳುತ್ತದೆ, ಆಚೆ ಬರುವ ಬೆಳಕಿನಲ್ಲಿ ಆ ಜಾಗದಲ್ಲಿ ಒಂದು ತಗ್ಗು ಕಾಣುತ್ತದೆ. ವೋಲ್ಟೇಜ್ ಕೊಟ್ಟು ಆ ತಗ್ಗನ್ನು ಕೂದಲೆಳೆಯಷ್ಟು ಸರಿಸಿದರೆ ಸಾಕು, ಲೇಸರ್ ಬೆಳಕು ಹೆಚ್ಚು ಕಡಿಮೆ ಆಗುತ್ತದೆ.

2004ರಲ್ಲಿ ಇಂಟೆಲ್ ತಂಡ ಮೊದಲ ಸಲ 1 ಗಿಗಾಹರ್ಟ್ಸ್ ದಾಟಿದ ಸಿಲಿಕಾನ್ ಮಾಡ್ಯುಲೇಟರ್ ತೋರಿಸಿತು. ಅದು ಉದ್ದದ ಜಾತಿಯದು. ಮರುವರ್ಷ ಕಾರ್ನೆಲ್ ವಿಶ್ವವಿದ್ಯಾಲಯದ ಮಿಷಲ್ ಲಿಪ್ಸನ್ ಅವರ ತಂಡ 12 ಮೈಕ್ರಾನ್ ವ್ಯಾಸದ ಉಂಗುರದಲ್ಲಿ ಅದೇ ಕೆಲಸ ಮಾಡಿ ತೋರಿಸಿತು. ಅದರ ವೇಗ ಸೆಕೆಂಡಿಗೆ 1.5 ಗಿಗಾಬಿಟ್. ಇಪ್ಪತ್ತು ವರ್ಷ ಕಳೆದು 2025ರ ಮಾರ್ಚ್‌ನಲ್ಲಿ ಎನ್‌ವಿಡಿಯಾ ತನ್ನ ಹೊಸ ನೆಟ್‌ವರ್ಕ್ ಸ್ವಿಚ್‌ಗಳಲ್ಲಿ ಮೈಕ್ರೋರಿಂಗ್ ಮಾಡ್ಯುಲೇಟರ್ ಬಳಸುತ್ತಿರುವುದಾಗಿ ಘೋಷಿಸಿತು. ಎಐ ಡೇಟಾ ಸೆಂಟರ್‌ಗಳಲ್ಲಿ ಡೇಟಾ ಸಾಗಿಸುವುದಕ್ಕೇ ಅಷ್ಟೊಂದು ವಿದ್ಯುತ್ ಹೋಗುತ್ತಿದೆ.

ಹಂತ 1: ಗುರಿಯನ್ನು ಕಾಗದದ ಮೇಲೆ ಬರೆಯಿರಿ

ಸಾಫ್ಟ್‌ವೇರ್ ತೆರೆಯುವ ಮೊದಲು ನಾಲ್ಕು ಸಂಖ್ಯೆ ಬರೆದುಕೊಳ್ಳಿ: ಬಿಟ್ ವೇಗ, ಬೆಳಕಿನ ತರಂಗಾಂತರ, ಡ್ರೈವರ್ ಕೊಡಬಲ್ಲ ವೋಲ್ಟೇಜ್, ಒಂದೇ ಫೈಬರಿನಲ್ಲಿ ಹೋಗಬೇಕಾದ ಬಣ್ಣಗಳ ಸಂಖ್ಯೆ. ಈ ಬರಹದ ಉದ್ದಕ್ಕೂ ಒಂದೇ ಉದಾಹರಣೆ ಹಿಡಿಯುತ್ತೇನೆ. ವೇಗ ಸೆಕೆಂಡಿಗೆ 50 ಗಿಗಾಬಿಟ್, ತರಂಗಾಂತರ 1550 ನ್ಯಾನೋಮೀಟರ್, ಡ್ರೈವ್ 2 ವೋಲ್ಟ್, 8 ಬಣ್ಣ.

ಡೇಟಾ ಸೆಂಟರ್ ಒಳಗೆ 1310 ನ್ಯಾನೋಮೀಟರ್ ಬಳಕೆಯೇ ಜಾಸ್ತಿ. ಲೆಕ್ಕದ ರೀತಿ ಬದಲಾಗುವುದಿಲ್ಲ. ಆದರೆ ತರಂಗಾಂತರ ಕಡಿಮೆಯಾದಷ್ಟೂ ಕ್ಯಾರಿಯರ್‌ಗಳ ಪರಿಣಾಮವೂ ತಗ್ಗುತ್ತದೆ, ಅದನ್ನು ಸೇರಿಸಿಕೊಳ್ಳಿ.

ಹಂತ 2: ತ್ರಿಜ್ಯ ಆರಿಸಿ

ಒಂದು ಉಂಗುರಕ್ಕೆ ಒಂದೇ ತಗ್ಗು ಇರುವುದಿಲ್ಲ. ಬಾಚಣಿಗೆಯ ಹಲ್ಲಿನ ಹಾಗೆ ಸಾಲಾಗಿ ಇರುತ್ತವೆ. ಎರಡು ಹಲ್ಲುಗಳ ನಡುವಿನ ಅಂತರಕ್ಕೆ ಫ್ರೀ ಸ್ಪೆಕ್ಟ್ರಲ್ ರೇಂಜ್ ಎನ್ನುತ್ತಾರೆ, ಲ್ಯಾಬಿನಲ್ಲಿ ಎಲ್ಲರೂ ಎಫ್‌ಎಸ್‌ಆರ್ ಅಂತಲೇ ಕರೆಯುವುದು. ತರಂಗಾಂತರದ ವರ್ಗವನ್ನು ಗ್ರೂಪ್ ಇಂಡೆಕ್ಸ್ (ಬೆಳಕಿನ ಪಲ್ಸ್ ಖಾಲಿ ಜಾಗಕ್ಕಿಂತ ಎಷ್ಟು ಪಟ್ಟು ನಿಧಾನ ಎಂಬ ಸಂಖ್ಯೆ) ಮತ್ತು ಸುತ್ತಳತೆಯ ಗುಣಲಬ್ಧದಿಂದ ಭಾಗಿಸಿದರೆ ಅದು ಸಿಗುತ್ತದೆ.

ತ್ರಿಜ್ಯ 7.5 ಮೈಕ್ರಾನ್ ಎಂದುಕೊಳ್ಳಿ. ಸುತ್ತಳತೆ 47 ಮೈಕ್ರಾನ್. 220 ನ್ಯಾನೋಮೀಟರ್ ದಪ್ಪ, 500 ನ್ಯಾನೋಮೀಟರ್ ಅಗಲದ ಸಿಲಿಕಾನ್ ವೇವ್‌ಗೈಡ್‌ಗೆ, ಅಂದರೆ ಬೆಳಕು ಹರಿಯುವ ಪಟ್ಟಿಗೆ, ಗ್ರೂಪ್ ಇಂಡೆಕ್ಸ್ ಸುಮಾರು 4. ಆಗ ಎಫ್‌ಎಸ್‌ಆರ್ ಸುಮಾರು 12.7 ನ್ಯಾನೋಮೀಟರ್. ಪಕ್ಕದ ಬಣ್ಣಗಳ ನಡುವೆ 1.6 ನ್ಯಾನೋಮೀಟರ್, ಅಂದರೆ 200 ಗಿಗಾಹರ್ಟ್ಸ್ ಬಿಟ್ಟರೆ 8 ಬಣ್ಣಗಳು ಸರಿಯಾಗಿ ಒಂದು ಎಫ್‌ಎಸ್‌ಆರ್ ತುಂಬುತ್ತವೆ. ಈ ಹೊಂದಾಣಿಕೆ ಸುಮ್ನೆ ಬಂದದ್ದಲ್ಲ. ಉಂಗುರವನ್ನು ಬಿಸಿಮಾಡಿ ತಗ್ಗನ್ನು ಸರಿಯಾದ ಬಣ್ಣಕ್ಕೆ ತರುವ ಹೀಟರ್‌ನ ಶಕ್ತಿ ಉಳಿಸಲು ಇದು ಕೊನೆಯಲ್ಲಿ ಕೆಲಸಕ್ಕೆ ಬರುತ್ತದೆ.

ಇನ್ನೂ ಚಿಕ್ಕದು ಮಾಡಬಹುದಲ್ಲ ಎಂದು ಕೇಳಬಹುದು. 5 ಮೈಕ್ರಾನ್ ತ್ರಿಜ್ಯಕ್ಕೆ ಎಫ್‌ಎಸ್‌ಆರ್ 19 ನ್ಯಾನೋಮೀಟರ್ ಆಗುತ್ತದೆ, ಕೆಪಾಸಿಟೆನ್ಸ್ ಇಳಿಯುತ್ತದೆ, ಎಲ್ಲ ಒಳ್ಳೆಯದೇ. ಆದರೆ ಮಾಡ್ಯುಲೇಟರ್‌ಗೆ ಬೇಕಾದ ವೇವ್‌ಗೈಡ್ ಪೂರ್ತಿ ಕೊರೆದದ್ದಲ್ಲ. ಡಯೋಡಿಗೆ ಕರೆಂಟ್ ತಲುಪಿಸಲು ಎರಡೂ ಬದಿಗೆ ಸುಮಾರು 90 ನ್ಯಾನೋಮೀಟರ್ ದಪ್ಪದ ಸಿಲಿಕಾನ್ ಪದರ ಉಳಿಸಬೇಕು. ಬಿಗಿ ತಿರುವಿನಲ್ಲಿ ಬೆಳಕು ಆ ಪದರಕ್ಕೆ ಸೋರುತ್ತದೆ. ಮೊದಲ ವಿನ್ಯಾಸಕ್ಕೆ 7.5 ರಿಂದ 10 ಮೈಕ್ರಾನ್ ಒಳಗೆ ಇರಿ.

ಹಂತ 3: ಡೋಪಿಂಗ್ ಮತ್ತು ಕ್ಯೂ, ಎರಡನ್ನೂ ಒಟ್ಟಿಗೆ ನಿರ್ಧರಿಸಿ

ಇಡೀ ವಿನ್ಯಾಸದ ಜೀವ ಇಲ್ಲಿದೆ. ನಿಧಾನವಾಗಿ ಓದಿ.

ಕ್ಯೂ ಎಂದರೆ ತಗ್ಗು ಎಷ್ಟು ಕಿರಿದು ಎಂಬುದರ ಅಳತೆ. ತರಂಗಾಂತರವನ್ನು ತಗ್ಗಿನ ಅಗಲದಿಂದ ಭಾಗಿಸಿದರೆ ಕ್ಯೂ. ಕ್ಯೂ ಜಾಸ್ತಿ ಇದ್ದರೆ ತಗ್ಗು ಕಿರಿದಾಗಿ, ಕಡಿದಾಗಿ ಇರುತ್ತದೆ. ಚೂರು ವೋಲ್ಟೇಜ್ ಕೊಟ್ಟರೂ ಬೆಳಕು ತುಂಬಾ ಬದಲಾಗುತ್ತದೆ. ಹಾಗಾದರೆ ಕ್ಯೂ ಏರಿಸುತ್ತಲೇ ಹೋಗಬಹುದೇ? ಆಗುವುದಿಲ್ಲ. ಬೆಳಕು ಉಂಗುರದೊಳಗೆ ಹೆಚ್ಚು ಹೊತ್ತು ಸುತ್ತುವುದರಿಂದಲೇ ಕ್ಯೂ ಏರುವುದು. ಹಳೆಯ ಬಿಟ್‌ನ ಬೆಳಕು ಆಚೆ ಹೋಗುವ ಮೊದಲೇ ಹೊಸ ಬಿಟ್ ಬಂದರೆ ಎರಡೂ ಕಲಸಿಹೋಗುತ್ತವೆ.

ಲೆಕ್ಕ ಸುಲಭ. 1550 ನ್ಯಾನೋಮೀಟರ್ ಬೆಳಕಿನ ಆವರ್ತನ ಸುಮಾರು 193.4 ಟೆರಾಹರ್ಟ್ಸ್. ಅದನ್ನು ಕ್ಯೂನಿಂದ ಭಾಗಿಸಿ. ಕ್ಯೂ 10,000 ಇದ್ದರೆ ಬ್ಯಾಂಡ್‌ವಿಡ್ತ್ 19 ಗಿಗಾಹರ್ಟ್ಸ್ ಮಾತ್ರ. ಕ್ಯೂ 5,000 ಇದ್ದರೆ 39 ಗಿಗಾಹರ್ಟ್ಸ್. ನಮ್ಮ 50 ಗಿಗಾಬಿಟ್ ಗುರಿಗೆ 5,000 ಸರಿ. ಆಗ ತಗ್ಗಿನ ಅಗಲ 0.31 ನ್ಯಾನೋಮೀಟರ್.

ಈಗ ಈ ಕ್ಯೂ ಎಲ್ಲಿಂದ ಬರುತ್ತದೆ ನೋಡಿ. ಡೋಪ್ ಮಾಡಿದ ಸಿಲಿಕಾನ್ ಬೆಳಕನ್ನು ಹೀರುತ್ತದೆ. ಪಿ ಮತ್ತು ಎನ್ ಎರಡೂ ಬದಿ ಘನ ಸೆಂಟಿಮೀಟರಿಗೆ 3 × 10¹⁸ ಡೋಪಿಂಗ್ ಇಟ್ಟು, ಬೆಳಕಿನ ಸುಮಾರು 80 ಪ್ರತಿಶತ ಡೋಪ್ ಆದ ಭಾಗದಲ್ಲಿದೆ ಎಂದು ಸೋರೆಫ್-ಬೆನೆಟ್ ಸೂತ್ರಕ್ಕೆ ಹಾಕಿದರೆ ಉಂಗುರದ ಒಳಗಿನ ನಷ್ಟದಿಂದ ಬರುವ ಕ್ಯೂ 9,000ದ ಆಸುಪಾಸು. ಉಂಗುರಕ್ಕೆ ಬೆಳಕು ಕೊಡುವ ಪಕ್ಕದ ನೇರ ವೇವ್‌ಗೈಡಿಗೆ ಸೋರುವ ಬೆಳಕೂ ಒಳಗಿನ ನಷ್ಟದಷ್ಟೇ ಇದ್ದರೆ ಕ್ರಿಟಿಕಲ್ ಕಪ್ಲಿಂಗ್. ಆಗ ತಗ್ಗು ಅತ್ಯಂತ ಆಳ, ಒಟ್ಟು ಕ್ಯೂ ಅರ್ಧ. ಅಂದರೆ 5,000ದ ಹತ್ತಿರ. ಕೈಯಲ್ಲಿ ಲೆಕ್ಕ ಹಾಕಿದರೂ ಗುರಿಗೆ ಇಷ್ಟು ಹತ್ತಿರ ಬರಬಹುದು. ಸಿಮ್ಯುಲೇಶನ್‌ಗೆ ಮೊದಲು ಇದನ್ನು ಒಮ್ಮೆ ಪೆನ್ನು ಹಿಡಿದು ಮಾಡಿ. ಸಾಫ್ಟ್‌ವೇರ್ ತಪ್ಪು ಉತ್ತರ ಕೊಟ್ಟಾಗ ತಕ್ಷಣ ಗೊತ್ತಾಗುತ್ತದೆ.

ಮುಂದೆ ಕೆಪಾಸಿಟೆನ್ಸ್. ಡಯೋಡಿಗೆ ಹಿಮ್ಮುಖ ವೋಲ್ಟೇಜ್ ಕೊಟ್ಟಾಗ ಮಧ್ಯದ ಖಾಲಿ ಪಟ್ಟಿ ಅಗಲವಾಗುತ್ತದೆ. 3 × 10¹⁸ ಡೋಪಿಂಗ್‌ಗೆ 1 ವೋಲ್ಟ್ ಹತ್ತಿರ ಆ ಪಟ್ಟಿಯ ಅಗಲ ಸುಮಾರು 42 ನ್ಯಾನೋಮೀಟರ್. ಸಮಾಂತರ ತಟ್ಟೆಗಳ ಸೂತ್ರದಿಂದ ಪ್ರತಿ ಮೈಕ್ರಾನಿಗೆ 0.55 ಫೆಮ್ಟೋಫ್ಯಾರಡ್. ಸುತ್ತಳತೆಯ ಮುಕ್ಕಾಲು ಭಾಗ, ಅಂದರೆ 35 ಮೈಕ್ರಾನ್ ಉದ್ದಕ್ಕೆ ಡಯೋಡ್ ಇಟ್ಟರೆ 19, ಅಂಚಿನ ಫೀಲ್ಡ್ ಸೇರಿಸಿದರೆ ಸುಮಾರು 25 ಫೆಮ್ಟೋಫ್ಯಾರಡ್. ಉಳಿದ ಕಾಲು ಭಾಗವನ್ನು ಹೀಟರ್‌ಗೆ ಬಿಡಿ.

ಸರಣಿ ರೆಸಿಸ್ಟೆನ್ಸ್ 60 ಓಮ್, ಮೂಲದ ಕಡೆ 50 ಓಮ್ ಎಂದರೆ ಆರ್‌ಸಿ ಬ್ಯಾಂಡ್‌ವಿಡ್ತ್ 58 ಗಿಗಾಹರ್ಟ್ಸ್. ಇದನ್ನೂ ಬೆಳಕಿನ 39 ಅನ್ನೂ ಕೂಡಿಸಿದರೆ, ವರ್ಗಗಳ ವಿಲೋಮ ಸೇರಿಸುವ ಲೆಕ್ಕದಲ್ಲಿ, ಒಟ್ಟು 32 ಗಿಗಾಹರ್ಟ್ಸ್. 50 ಗಿಗಾಬಿಟ್‌ಗೆ ಸ್ವಲ್ಪ ಬಿಗಿ, ಆದರೆ ನಡೆಯುತ್ತದೆ.

ಹಂತ 4: ಗ್ಯಾಪ್ ವಿಷಯದಲ್ಲಿ ಒಂದೇ ಸಂಖ್ಯೆ ನಂಬಬೇಡಿ

ಉಂಗುರ ಮತ್ತು ನೇರ ವೇವ್‌ಗೈಡ್ ನಡುವಿನ ಸಂದಿ ಸಾಮಾನ್ಯವಾಗಿ 150 ರಿಂದ 250 ನ್ಯಾನೋಮೀಟರ್. ಸಂದಿ 10 ನ್ಯಾನೋಮೀಟರ್ ಬದಲಾದರೂ ಕಪ್ಲಿಂಗ್ ಕಾಣುವಷ್ಟು ಬದಲಾಗುತ್ತದೆ, ಫ್ಯಾಬ್‌ನಲ್ಲಿ, ಅಂದರೆ ಚಿಪ್ ತಯಾರಾಗುವಲ್ಲಿ, ಅಷ್ಟು ವ್ಯತ್ಯಾಸ ಬಂದೇ ಬರುತ್ತದೆ. ಸಿಮ್ಯುಲೇಶನ್ 200 ಎಂದು ಹೇಳಿದರೆ ಲೇಔಟ್‌ನಲ್ಲಿ 160, 180, 200, 220, 240 ಐದನ್ನೂ ಹಾಕಿ. ಉಂಗುರ ಚಿಕ್ಕದು, ಜಾಗಕ್ಕೆ ಕೊರತೆ ಇಲ್ಲ. ಮೊದಲ ಚಿಪ್‌ನಲ್ಲಿ ಒಂದೇ ಗ್ಯಾಪ್ ಹಾಕಿ, ಬಂದ ಎಲ್ಲ ಉಂಗುರಗಳಲ್ಲೂ ತಗ್ಗು 3 ಡೆಸಿಬೆಲ್ ಮಾತ್ರ ಆಳ ಇದ್ದದ್ದನ್ನು ನೋಡಿದ ದಿನ ನನಗೆ ಆದ ಬೇಸರ ಇನ್ನೂ ನೆನಪಿದೆ. ತಿಂಗಳುಗಟ್ಟಲೆ ಕಾದು ಬಂದ ಚಿಪ್ ಅದು.

ಹಂತ 5: ಲೇಔಟ್, ಫ್ಯಾಬ್

ಲೇಔಟ್‌ಗೆ ಕೆಲೇಔಟ್ ಮತ್ತು ಜಿಡಿಎಸ್‌ಫ್ಯಾಕ್ಟರಿ ಉಚಿತವಾಗಿ ಸಿಗುತ್ತವೆ. ಬೆಳಕಿನ ಸಿಮ್ಯುಲೇಶನ್‌ಗೆ ಎಂಐಟಿಯಲ್ಲಿ ಹುಟ್ಟಿದ ಮೀಪ್ ಕೂಡ ಉಚಿತ. ಕಲಿಯಲು ಇವು ಧಾರಾಳ ಸಾಕು.

ಉಂಗುರದ ಜೊತೆ ಮೂರು ವಸ್ತುಗಳನ್ನು ಮರೆಯದೆ ಹಾಕಿ. ಉಂಗುರವಿಲ್ಲದ ಒಂದು ನೇರ ವೇವ್‌ಗೈಡ್, ಎರಡು ತುದಿಗೂ ಗ್ರೇಟಿಂಗ್ ಕಪ್ಲರ್ (ಫೈಬರ್ ಮತ್ತು ಚಿಪ್ ನಡುವೆ ಬೆಳಕು ದಾಟಿಸುವ ಗೀರುಗಳ ಸಾಲು) ಇರುವಂಥದ್ದು. ಡಯೋಡ್ ಇಲ್ಲದ ಖಾಲಿ ಪ್ಯಾಡ್‌ಗಳು. ಮಧ್ಯೆ ಲೋಹದಿಂದ ಬೆಸೆದ ಪ್ಯಾಡ್‌ಗಳು. ಮೊದಲನೆಯದು ಫೈಬರ್ ನಷ್ಟ ಕಳೆಯಲು, ಉಳಿದ ಎರಡು ಪ್ಯಾಡ್‌ನ ಕೆಪಾಸಿಟೆನ್ಸ್ ಮತ್ತು ಸರಣಿ ರೆಸಿಸ್ಟೆನ್ಸ್ ಕಳೆಯಲು. ಇವಿಲ್ಲದಿದ್ದರೆ ಮುಂದೆ ಅಳೆದ 60 ಫೆಮ್ಟೋಫ್ಯಾರಡ್‌ನಲ್ಲಿ ಉಂಗುರದ್ದು ಎಷ್ಟು, ಪ್ಯಾಡ್‌ದು ಎಷ್ಟು ಎಂದು ಹೇಳಲು ಆಗುವುದೇ ಇಲ್ಲ.

ಹೆಚ್ಚು ಡೋಪ್ ಮಾಡಿದ ಕಾಂಟ್ಯಾಕ್ಟ್ ಭಾಗವನ್ನು ವೇವ್‌ಗೈಡ್ ಅಂಚಿನಿಂದ ಅರ್ಧ ಮೈಕ್ರಾನಿಗಿಂತ ದೂರ ಇಡಿ. ತೀರಾ ಹತ್ತಿರ ಬಂದರೆ ಅದು ಬೆಳಕು ಹೀರುತ್ತದೆ, ತೀರಾ ದೂರ ಹೋದರೆ ರೆಸಿಸ್ಟೆನ್ಸ್ ಏರುತ್ತದೆ.

ಫ್ಯಾಬ್‌ಗೆ ಸಾಮಾನ್ಯ ದಾರಿ ಎಂಪಿಡಬ್ಲ್ಯೂ ರನ್. ಹಲವರು ಒಂದೇ ವೇಫರಿನ ಖರ್ಚು ಹಂಚಿಕೊಳ್ಳುವ ಪದ್ಧತಿ ಅದು. ಬೆಲ್ಜಿಯಂನ ಐಮೆಕ್, ಸಿಂಗಾಪುರದ ಎಎಂಎಫ್ ಇದಕ್ಕೆ ಹೆಸರಾದವು. ಬೆಂಗಳೂರಿನ ಸುತ್ತಮುತ್ತ ಇರುವವರಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ಸೈನ್ಸ್ ಮತ್ತು ಎಂಜಿನಿಯರಿಂಗ್ ಕೇಂದ್ರದ ಕ್ಲೀನ್‌ರೂಮ್ ಇದೆ. ಹೊರಗಿನ ಕಾಲೇಜಿನವರು ಅಂಥ ಕ್ಲೀನ್‌ರೂಮ್‌ಗಳಲ್ಲಿ ತರಬೇತಿ ಪಡೆದು ಕೆಲಸ ಮಾಡಲು ಇಂಡಿಯನ್ ನ್ಯಾನೋಎಲೆಕ್ಟ್ರಾನಿಕ್ಸ್ ಯೂಸರ್ಸ್ ಪ್ರೋಗ್ರಾಂ ಎಂಬ ಸರ್ಕಾರಿ ಯೋಜನೆಯೇ ಇದೆ. ಡಯೋಡ್ ಇಲ್ಲದ ಬರೀ ಉಂಗುರದಿಂದ ಶುರು ಮಾಡಿ. ಗ್ಯಾಪ್, ಕ್ಯೂ, ಎಫ್‌ಎಸ್‌ಆರ್ ಮೂರೂ ಅದರಲ್ಲೇ ಕೈಗೆ ಹತ್ತುತ್ತವೆ.

ಹಂತ 6: ಮೊದಲ ಬೆಳಕು

ಚಿಪ್ ಬಂತು. ಅದನ್ನು ಉಷ್ಣತೆ ನಿಯಂತ್ರಿಸುವ ಪೆಲ್ಟಿಯರ್ ಮೇಜಿನ ಮೇಲೆ ಕೂರಿಸಿ, 25 ಡಿಗ್ರಿಗೆ ನಿಲ್ಲಿಸಿ. ಟ್ಯೂನಬಲ್ ಲೇಸರ್‌ನಿಂದ ಫೈಬರ್, ಅದರಿಂದ ಪೋಲರೈಸೇಶನ್ ಕಂಟ್ರೋಲರ್, ಅಲ್ಲಿಂದ ಚಿಪ್. ಫೈಬರ್ ನೆಟ್ಟಗೆ ಇರಬಾರದು, ಗ್ರೇಟಿಂಗ್ ವಿನ್ಯಾಸಕ್ಕೆ ತಕ್ಕಂತೆ 8 ರಿಂದ 10 ಡಿಗ್ರಿ ಓರೆ ಇರಬೇಕು.

ಮೊದಲು ಉಂಗುರದ ಮೇಲೆ ಹೋಗಬೇಡಿ. ನೇರ ವೇವ್‌ಗೈಡ್ ಮೇಲೆ ಫೈಬರ್ ಹೊಂದಿಸಿ. ಪವರ್ ಮೀಟರ್ ಏನೂ ತೋರಿಸದಿದ್ದರೆ ಹತ್ತರಲ್ಲಿ ಎಂಟು ಸಲ ಕಾರಣ ಪೋಲರೈಸೇಶನ್. ಕಂಟ್ರೋಲರ್‌ನ ಮೂರು ಎಲೆಗಳನ್ನು ಒಂದೊಂದಾಗಿ, ನಿಧಾನವಾಗಿ ತಿರುಗಿಸಿ. ಸಂಖ್ಯೆ ಏರಲು ಶುರುವಾದ ಮೇಲೆ ಫೈಬರ್ ಸ್ಥಾನವನ್ನು ಮೈಕ್ರಾನ್ ಮೈಕ್ರಾನಾಗಿ ಸರಿಸಿ. ಒಂದೊಂದು ಗ್ರೇಟಿಂಗ್‌ನಲ್ಲಿ 4-5 ಡೆಸಿಬೆಲ್ ನಷ್ಟ ಸಾಮಾನ್ಯ. ಒಟ್ಟು 10ರ ಒಳಗೆ ಬಂತೆಂದರೆ ಮುಂದೆ ಹೋಗಬಹುದು.

ಹಂತ 7: ತಗ್ಗನ್ನು ಓದುವುದು

ಈಗ ಉಂಗುರ. ಲೇಸರ್ ಪವರ್ ಕಡಿಮೆ ಇಡಿ, ಉಂಗುರದ ಹತ್ತಿರ -10 ಡಿಬಿಎಂ ಸಾಕು. 1520 ರಿಂದ 1580ರವರೆಗೆ ಸ್ವೀಪ್ ಮಾಡಿ. ನೇರ ವೇವ್‌ಗೈಡಿನ ಗ್ರಾಫನ್ನು ಇದರಿಂದ ಕಳೆಯಿರಿ. ಗ್ರೇಟಿಂಗ್‌ನ ಗುಡ್ಡದಾಕಾರ ಹೋಗಿ, ಸಮತಟ್ಟಾದ ಗೆರೆಯ ಮೇಲೆ ತಗ್ಗುಗಳು ಉಳಿಯುತ್ತವೆ. ಎರಡು ತಗ್ಗಿನ ಅಂತರ ಎಫ್‌ಎಸ್‌ಆರ್. ಒಂದು ತಗ್ಗನ್ನು ಹಿಗ್ಗಿಸಿ ನೋಡಿ, ಡೆಸಿಬೆಲ್ ಬಿಟ್ಟು ನೇರ ಪ್ರಮಾಣದಲ್ಲಿ ಅರ್ಧ ಆಳದ ಹತ್ತಿರ ಅಗಲ ಅಳೆಯಿರಿ. ಅದರಿಂದ ಕ್ಯೂ.

ತಗ್ಗಿನ ಆಕಾರ ತುಂಬಾ ವಿಷಯ ಹೇಳುತ್ತದೆ. ತಳದಲ್ಲಿ ಎರಡಾಗಿ ಸೀಳಿದ್ದರೆ ವೇವ್‌ಗೈಡ್ ಗೋಡೆ ಒರಟಾಗಿದೆ, ಬೆಳಕು ಹಿಂದಕ್ಕೂ ಸುತ್ತುತ್ತಿದೆ ಎಂದರ್ಥ. ಆಳ ಕಡಿಮೆ ಇದ್ದರೆ ಗ್ಯಾಪ್ ಸರಿಯಿಲ್ಲ. ಪಕ್ಕದ ಗ್ಯಾಪ್‌ನ ಉಂಗುರ ನೋಡಿ. ಗ್ಯಾಪ್ ಕಿರಿದಾದಾಗ ಆಳ ಹೆಚ್ಚಿದರೆ ಮೊದಲಿನದಕ್ಕೆ ಕಪ್ಲಿಂಗ್ ಸಾಲದು, ಕಡಿಮೆಯಾದರೆ ಮೊದಲೇ ಜಾಸ್ತಿ ಇತ್ತು.

ಈಗ ಬೇಕೆಂದೇ ಪವರ್ ಏರಿಸಿ ಅದೇ ಸ್ವೀಪ್ ಮತ್ತೆ ಮಾಡಿ. ನುಣುಪಾದ, ಎರಡೂ ಬದಿ ಸಮ ಇದ್ದ ತಗ್ಗು ಉದ್ದ ತರಂಗಾಂತರದ ಕಡೆಗೆ ವಾಲುತ್ತದೆ. ಇನ್ನೂ ಏರಿಸಿದರೆ ಗರಗಸದ ಹಲ್ಲಿನಂತೆ ಒಂದು ಬದಿ ಇಳಿಜಾರು, ಇನ್ನೊಂದು ಬದಿ ಥಟ್ಟನೆ ಕಡಿದು ಬೀಳುವ ಗೋಡೆ. ಉಂಗುರ ಹೀರಿದ ಬೆಳಕಿನಿಂದ ತಾನೇ ಬಿಸಿಯಾಗಿ, ಲೇಸರ್ ಹಿಂದೆಯೇ ಸರಿಯುತ್ತಾ ಹೋಗಿ, ಕೊನೆಗೆ ಕೈಬಿಟ್ಟ ಜಾಗ ಅದು. ಇದನ್ನು ಒಮ್ಮೆ ಕಣ್ಣಾರೆ ನೋಡಿಟ್ಟುಕೊಳ್ಳಿ. ಲೇಸರನ್ನು ತಗ್ಗಿನ ಯಾವ ಬದಿಗೆ ನಿಲ್ಲಿಸಬೇಕು ಎಂಬ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಚಿಕ್ಕ ತರಂಗಾಂತರದ ಬದಿಗೆ ನಿಲ್ಲಿಸಿದರೆ, ಉಂಗುರ ಬಿಸಿಯಾದಾಗ ತಗ್ಗು ಲೇಸರ್‌ನಿಂದ ದೂರ ಹೋಗುತ್ತದೆ, ಹೀರುವುದು ಕಡಿಮೆಯಾಗುತ್ತದೆ, ತಾನಾಗಿಯೇ ನಿಲ್ಲುತ್ತದೆ. ಉದ್ದ ತರಂಗಾಂತರದ ಬದಿಗೆ ಇಟ್ಟರೆ ತಗ್ಗು ಲೇಸರ್ ಕಡೆಗೇ ಬರುತ್ತದೆ, ಇನ್ನೂ ಬಿಸಿಯಾಗುತ್ತದೆ, ಜಾರಿಹೋಗುತ್ತದೆ.

ಹಂತ 8: ಡಿಸಿ ವೋಲ್ಟೇಜ್

ಡಯೋಡಿಗೆ 0 ರಿಂದ 4 ವೋಲ್ಟ್‌ವರೆಗೆ ಹಿಮ್ಮುಖ ವೋಲ್ಟೇಜ್ ಅರ್ಧರ್ಧ ವೋಲ್ಟ್ ಏರಿಸುತ್ತಾ ಪ್ರತಿ ಸಲ ಸ್ವೀಪ್ ಮಾಡಿ. ಕರೆಂಟ್ ಮಿತಿ ಹಾಕದೆ ವೋಲ್ಟೇಜ್ ಕೊಡಬೇಡಿ. ಕ್ಯಾರಿಯರ್‌ಗಳು ಖಾಲಿಯಾದಾಗ ಸೂಚ್ಯಂಕ ಏರುತ್ತದೆ, ತಗ್ಗು ಉದ್ದ ತರಂಗಾಂತರದ ಕಡೆ ಸರಿಯಬೇಕು. ಚಿಕ್ಕ ತರಂಗಾಂತರದ ಕಡೆ ಸರಿದು, ಕರೆಂಟ್ ಏರಿ, ಆಳವೂ ಬದಲಾದರೆ ತಂತಿ ತಿರುಗುಮುರುಗಾಗಿದೆ, ಡಯೋಡ್ ಮುಮ್ಮುಖವಾಗಿದೆ.

ವೋಲ್ಟಿಗೆ 20 ರಿಂದ 40 ಪಿಕೋಮೀಟರ್ ಸರಿದರೆ ಒಳ್ಳೆಯ ಉಂಗುರ. 40 ಎಂದು ಹಿಡಿದರೆ ನಮ್ಮ 2 ವೋಲ್ಟ್‌ಗೆ ತಗ್ಗು 0.08 ನ್ಯಾನೋಮೀಟರ್ ಸರಿಯುತ್ತದೆ. ತಗ್ಗಿನ ಅಗಲ 0.31. ಅಂದರೆ ಅಗಲದ ಕಾಲು ಭಾಗ. ಇಷ್ಟರಲ್ಲೇ ಎಷ್ಟು ಬೆಳಕು ಬದಲಾಗುತ್ತದೆ ನೋಡಿ. ಲೇಸರನ್ನು ತಳದಿಂದ ಸುಮಾರು 0.09 ನ್ಯಾನೋಮೀಟರ್ ದೂರ, ಇಳಿಜಾರು ಅತ್ಯಂತ ಕಡಿದಾಗಿರುವ ಕಡೆ ಇಟ್ಟರೆ, 0 ಬಿಟ್‌ಗೆ ಒಳಬಂದ ಬೆಳಕಿನ 11 ಪ್ರತಿಶತ, 1 ಬಿಟ್‌ಗೆ 43 ಪ್ರತಿಶತ ಆಚೆ ಬರುತ್ತದೆ. ಎಕ್ಸ್‌ಟಿಂಕ್ಷನ್ ರೇಶಿಯೋ (1 ಮತ್ತು 0ರ ಬೆಳಕಿನ ಅನುಪಾತ) ಸುಮಾರು 6 ಡೆಸಿಬೆಲ್, ಇನ್ಸರ್ಶನ್ ಲಾಸ್ (1 ಬಿಟ್‌ನಲ್ಲೂ ಕಳೆದುಹೋಗುವ ಬೆಳಕು) 3.7 ಡೆಸಿಬೆಲ್. 1 ಮತ್ತು 0 ಬಿಟ್‌ಗಳ ಬೆಳಕಿನ ವ್ಯತ್ಯಾಸ 32 ಪ್ರತಿಶತ, ರಿಸೀವರ್‌ಗೆ ಬೇಕಾದದ್ದು ಇದೇ.

ಬರೀ ಎಕ್ಸ್‌ಟಿಂಕ್ಷನ್ ರೇಶಿಯೋ ನೋಡಿ ಖುಷಿಪಡಬೇಡಿ. ಲೇಸರನ್ನು ತಳಕ್ಕೆ ಹತ್ತಿರ ತಂದರೆ ಅದು 10 ದಾಟುತ್ತದೆ, ಆದರೆ ಆಚೆ ಬರುವ ಬೆಳಕೇ ಕ್ಷೀಣವಾಗಿರುತ್ತದೆ.

ಹಂತ 9: ಬ್ಯಾಂಡ್‌ವಿಡ್ತ್ ಮತ್ತು ಐ ಡಯಾಗ್ರಾಮ್

ಗ್ರೌಂಡ್-ಸಿಗ್ನಲ್-ಗ್ರೌಂಡ್ ಪ್ರೋಬ್ ಇಳಿಸಿ. ಪ್ರೋಬ್ ತುದಿ ಲೋಹವನ್ನು ಮುಟ್ಟಿದ ಮೇಲೆ ಮುಂದಕ್ಕೆ ಚೂರು ಜಾರಿ ಗೀರು ಮೂಡಿದರೆ ಸಾಕು, ಒತ್ತಬೇಡಿ. ನೆಟ್‌ವರ್ಕ್ ಅನಲೈಸರ್‌ನಲ್ಲಿ ಪ್ರತಿಫಲನ ಅಳೆದು, ಖಾಲಿ ಪ್ಯಾಡ್ ಮತ್ತು ಬೆಸೆದ ಪ್ಯಾಡ್‌ಗಳ ಅಳತೆ ಕಳೆದು, ಕೆಪಾಸಿಟೆನ್ಸ್ ಮತ್ತು ಸರಣಿ ರೆಸಿಸ್ಟೆನ್ಸ್ ತೆಗೆಯಿರಿ. ಹಂತ 3ರ 25 ಮತ್ತು 60ರ ಜೊತೆ ಹೋಲಿಸಿ.

ನಂತರ ಪ್ಯಾಟರ್ನ್ ಜನರೇಟರ್‌ನಿಂದ ಯಾದೃಚ್ಛಿಕ ಬಿಟ್‌ಗಳು. ಬಯಾಸ್ ಟೀ ಮೂಲಕ 1 ವೋಲ್ಟ್ ಹಿಮ್ಮುಖ ಬಯಾಸ್, ಅದರ ಮೇಲೆ 2 ವೋಲ್ಟ್ ಏರಿಳಿತ. ಉಂಗುರ ಕೆಪಾಸಿಟರ್ ಥರ ಕಾಣುವುದರಿಂದ 50 ಓಮ್ ಕೇಬಲ್‌ನಿಂದ ಬಂದ ಸಿಗ್ನಲ್ ಪೂರ್ತಿ ಪ್ರತಿಫಲಿಸಿ, ಉಂಗುರದ ಮೇಲೆ ವೋಲ್ಟೇಜ್ ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ. ಜನರೇಟರ್ ಪರದೆಯಲ್ಲಿ 1 ವೋಲ್ಟ್ ಎಂದಿದ್ದರೆ ಉಂಗುರಕ್ಕೆ ಸಿಗುವುದು 2. ಈ ಒಂದು ಅಂಶ ಮರೆತರೆ ಶಕ್ತಿಯ ಲೆಕ್ಕ ನಾಲ್ಕು ಪಟ್ಟು ತಪ್ಪುತ್ತದೆ.

ವೇಗ 10 ಗಿಗಾಬಿಟ್‌ನಿಂದ ಶುರು ಮಾಡಿ. ಸ್ಕೋಪ್‌ನಲ್ಲಿ ಬಿಟ್‌ಗಳ ಅಲೆಗಳೆಲ್ಲ ಒಂದರ ಮೇಲೊಂದು ಬಿದ್ದು ಕಣ್ಣಿನಂತೆ ಕಾಣುವ ಚಿತ್ರವೇ ಐ ಡಯಾಗ್ರಾಮ್. ಕಣ್ಣು ತೆರೆದದ್ದು, ಅಂದರೆ 1 ಮತ್ತು 0 ಬೇರೆ ಬೇರೆಯಾಗಿ ನಿಂತದ್ದು, ಕಂಡ ಮೇಲೆ 25, ಆಮೇಲೆ 50. ನೇರವಾಗಿ 50ಕ್ಕೆ ಹೋದರೆ ಕಣ್ಣು ಮುಚ್ಚಿರುವುದಕ್ಕೆ ಕಾರಣ ಬ್ಯಾಂಡ್‌ವಿಡ್ತ್‌ನದೋ ಲೇಸರ್ ಸ್ಥಾನದ್ದೋ ತಿಳಿಯುವುದಿಲ್ಲ.

ಒಂದು ಮಧ್ಯಾಹ್ನ ನಮ್ಮ ಸ್ಕೋಪ್‌ನಲ್ಲಿ ಕಣ್ಣು ಕೆಲವು ನಿಮಿಷ ಚೆನ್ನಾಗಿ ತೆರೆದಿರುತ್ತಿತ್ತು, ಆಮೇಲೆ ನಿಧಾನಕ್ಕೆ ಮುಚ್ಚಿಕೊಳ್ಳುತ್ತಿತ್ತು, ಮತ್ತೆ ತೆರೆಯುತ್ತಿತ್ತು. ಕೇಬಲ್ ಬದಲಿಸಿದೆ, ಪ್ರೋಬ್ ಎತ್ತಿ ಇಳಿಸಿದೆ. ಕೊನೆಗೆ ಗಡಿಯಾರ ನೋಡಿ ಬರೆದುಕೊಂಡಾಗ ಗೊತ್ತಾಯಿತು, ಕಣ್ಣು ಮುಚ್ಚುತ್ತಿದ್ದದ್ದು ಎಸಿ ಕಂಪ್ರೆಸರ್ ನಿಂತು ಶುರುವಾಗುವ ಲಯಕ್ಕೆ ಸರಿಯಾಗಿ. ಪೆಲ್ಟಿಯರ್ ಕಂಟ್ರೋಲರ್ ಆ ದಿನ ಆನ್ ಆಗಿರಲಿಲ್ಲ.

ಹಂತ 10: ಉಷ್ಣತೆ

ಸಿಲಿಕಾನ್ ಉಂಗುರದ ತಗ್ಗು ಒಂದು ಡಿಗ್ರಿಗೆ ಸುಮಾರು 70 ಪಿಕೋಮೀಟರ್ ಸರಿಯುತ್ತದೆ. ನಮ್ಮ ಲೇಸರ್ ತಳದಿಂದ 90 ಪಿಕೋಮೀಟರ್ ದೂರದಲ್ಲಿದೆ. ಒಂದೂಕಾಲು ಡಿಗ್ರಿ ಬದಲಾದರೆ ಸಾಕು, ಎಲ್ಲ ಕೆಡುತ್ತದೆ. ಸರ್ವರ್ ಒಳಗೆ ಹತ್ತಾರು ಡಿಗ್ರಿ ಏರಿಳಿತ ಇರುತ್ತದೆ. ಇದರ ಮೇಲೆ ಫ್ಯಾಬ್ ವ್ಯತ್ಯಾಸ. ವೇವ್‌ಗೈಡ್ ಅಗಲ 1 ನ್ಯಾನೋಮೀಟರ್ ಬದಲಾದರೆ ತಗ್ಗೂ ಸುಮಾರು 1 ನ್ಯಾನೋಮೀಟರ್ ಸರಿಯುತ್ತದೆ, ದಪ್ಪ ಬದಲಾದರೆ ಇನ್ನೂ ಜಾಸ್ತಿ. ಹಾಗಾಗಿ ಉಂಗುರ ಎಲ್ಲಿ ಹುಟ್ಟುತ್ತದೆ ಎಂದು ಮೊದಲೇ ಹೇಳಲು ಆಗುವುದಿಲ್ಲ.

ಪರಿಹಾರ ಹೀಟರ್. ಉಂಗುರದ ಮೇಲೆ ಲೋಹದ ತಂತಿ, ಅಥವಾ ಖಾಲಿ ಬಿಟ್ಟ ಕಾಲು ಭಾಗದಲ್ಲಿ ಡೋಪ್ ಮಾಡಿದ ಸಿಲಿಕಾನ್. ಡ್ರಾಪ್ ಕಡೆ, ಅಂದರೆ ಉಂಗುರದ ಆಚೆ ಬದಿಗೆ ಹಾಕಿದ ಎರಡನೇ ವೇವ್‌ಗೈಡಿನಲ್ಲಿ, ಒಂದು ಚಿಕ್ಕ ಫೋಟೋಡಯೋಡ್ ಇಟ್ಟು, ಅದರ ಸರಾಸರಿ ಕರೆಂಟ್ ಒಂದೇ ಮಟ್ಟದಲ್ಲಿ ಉಳಿಯುವಂತೆ ಹೀಟರ್ ಹೊಂದಿಸುವ ಫೀಡ್‌ಬ್ಯಾಕ್ ಸರ್ಕ್ಯೂಟ್ ಹಾಕಿ. ಬೆಂಚ್ ಮೇಲೆ ಒಂದು ಮೈಕ್ರೋಕಂಟ್ರೋಲರ್‌ನಲ್ಲೇ ಇದನ್ನು ಮಾಡಬಹುದು, ಸುತ್ತಲಿನ ಉಷ್ಣತೆ ಮಿಲಿಸೆಕೆಂಡ್‌ಗಳಲ್ಲಿ ಬದಲಾಗುವುದಿಲ್ಲ. ಅಳತೆಗೆ ಹೀಟರ್ ಪವರ್ ಏರಿಸುತ್ತಾ ತಗ್ಗು ಒಂದು ಪೂರ್ತಿ ಎಫ್‌ಎಸ್‌ಆರ್ ದಾಟಲು ಎಷ್ಟು ಮಿಲಿವಾಟ್ ಬೇಕು ನೋಡಿ, ಅಥವಾ ಕಾಲು ದೂರ ಅಳೆದು ನಾಲ್ಕರಿಂದ ಗುಣಿಸಿ.

ಹಂತ 11: ಶಕ್ತಿಯ ಲೆಕ್ಕ

ಮೊದಲು ಎಲ್ಲರೂ ಬರೆಯುವ ಸಂಖ್ಯೆ. ಯಾದೃಚ್ಛಿಕ ಬಿಟ್‌ಗಳಿಗೆ ಒಂದು ಬಿಟ್‌ಗೆ ಶಕ್ತಿ ಎಂದರೆ ಕೆಪಾಸಿಟೆನ್ಸ್‌ನಿಂದ ವೋಲ್ಟೇಜಿನ ವರ್ಗವನ್ನು ಗುಣಿಸಿ 4ರಿಂದ ಭಾಗಿಸಿದಷ್ಟು. 25 ಫೆಮ್ಟೋಫ್ಯಾರಡ್, 2 ವೋಲ್ಟ್. ಉತ್ತರ 25 ಫೆಮ್ಟೋಜೂಲ್. ಹೋಲಿಕೆಗೆ, 50 ಓಮ್ ಟರ್ಮಿನೇಶನ್ ಇರುವ ಮಾಕ್-ಜೆಂಡರ್‌ಗೆ 4 ವೋಲ್ಟ್ ಏರಿಳಿತ ಕೊಟ್ಟರೆ 80 ಮಿಲಿವಾಟ್, ಅಂದರೆ 50 ಗಿಗಾಬಿಟ್‌ನಲ್ಲಿ ಬಿಟ್‌ಗೆ 1,600 ಫೆಮ್ಟೋಜೂಲ್. ಉಂಗುರ 64 ಪಟ್ಟು ಮೇಲು.

ಇಲ್ಲಿಗೆ ನಿಲ್ಲಿಸಿದರೆ ಲೆಕ್ಕ ಸುಳ್ಳಾಗುತ್ತದೆ. ನನಗೆ ಮುಖ್ಯವಾಗಿ ಹೇಳಬೇಕಿರುವುದು ಇದನ್ನೇ.

ಹೀಟರ್ ಸೇರಿಸಿ. ಒಂದು ಎಫ್‌ಎಸ್‌ಆರ್‌ಗೆ 25 ಮಿಲಿವಾಟ್ ಬೇಕು ಎಂದುಕೊಳ್ಳೋಣ. ಉಂಗುರ ಎಲ್ಲಿ ಬೇಕಾದರೂ ಹುಟ್ಟಬಹುದು, ಹಾಗಾಗಿ ಸರಾಸರಿ ಅರ್ಧ ದೂರ, 12.5 ಮಿಲಿವಾಟ್. 50 ಗಿಗಾಬಿಟ್‌ಗೆ ಭಾಗಿಸಿದರೆ 250 ಫೆಮ್ಟೋಜೂಲ್. ಮಾಡ್ಯುಲೇಟರ್‌ನ ಹತ್ತು ಪಟ್ಟು.

ಲೇಸರ್ ಸೇರಿಸಿ. ಉಂಗುರಕ್ಕೆ 1 ಮಿಲಿವಾಟ್ ಬೆಳಕು ಬೇಕು, ದಾರಿಯಲ್ಲಿ ಅರ್ಧ ಹೋಗುತ್ತದೆ, ಲೇಸರ್ ತೆಗೆದುಕೊಂಡ ವಿದ್ಯುತ್ತಿನ ಹತ್ತನೇ ಒಂದು ಭಾಗವನ್ನು ಬೆಳಕಾಗಿ ಕೊಡುತ್ತದೆ ಎಂದರೆ 20 ಮಿಲಿವಾಟ್. ಬಿಟ್‌ಗೆ 400 ಫೆಮ್ಟೋಜೂಲ್.

ಒಟ್ಟು 675. ಅದರಲ್ಲಿ ನಾವು ಹೆಮ್ಮೆಯಿಂದ ಬರೆದ 25ರ ಪಾಲು ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಡ್ರೈವರ್ ಸರ್ಕ್ಯೂಟ್ ತಿನ್ನುವುದನ್ನು ಇನ್ನೂ ಸೇರಿಸಿಲ್ಲ.

ಈಗ ಒಬ್ಬರು ಬಂದು ಡ್ರೈವ್ ಅನ್ನು 1 ವೋಲ್ಟ್‌ಗೆ ಇಳಿಸೋಣ, ಶಕ್ತಿ ಕಾಲು ಭಾಗ ಆಗುತ್ತದೆ ಎನ್ನುತ್ತಾರೆ ಅಂದುಕೊಳ್ಳಿ. 25 ಹೋಗಿ 6 ಆಗುತ್ತದೆ, 19 ಉಳಿಯಿತು. ಆದರೆ ತಗ್ಗು ಅರ್ಧ ಮಾತ್ರ ಸರಿಯುತ್ತದೆ. 1 ಮತ್ತು 0 ನಡುವಿನ ವ್ಯತ್ಯಾಸ 32 ಪ್ರತಿಶತದಿಂದ ಸುಮಾರು 17ಕ್ಕೆ ಇಳಿಯುತ್ತದೆ. ರಿಸೀವರ್‌ಗೆ ಅಷ್ಟೇ ಸಿಗ್ನಲ್ ಕೊಡಲು ಲೇಸರ್ ಹತ್ತಿರ ಹತ್ತಿರ ಎರಡರಷ್ಟು ಬೇಕು. 19 ಉಳಿಸಲು ಹೋಗಿ 400ರ ಸಮೀಪ ಕಳೆದುಕೊಂಡೆವು.

ಹಾಗಾದರೆ ಎಲ್ಲಿ ಉಳಿಸಬೇಕು? ಮೊದಲು ಹೀಟರ್. ಉಂಗುರದ ಕೆಳಗಿನ ಸಿಲಿಕಾನ್ ಕೊರೆದು ತೆಗೆದರೆ ಬಿಸಿ ಕೆಳಕ್ಕೆ ಸೋರುವುದಿಲ್ಲ. ಎಫ್‌ಎಸ್‌ಆರ್‌ಗೆ 25 ಇದ್ದದ್ದು 5 ಮಿಲಿವಾಟ್‌ಗೆ ಇಳಿದರೆ 250 ಹೋಗಿ 50 ಆಗುತ್ತದೆ. ಕೊರೆಯದೆಯೂ ಒಂದು ಉಪಾಯ ಇದೆ, ಹಂತ 2ರಲ್ಲಿ 8 ಬಣ್ಣಗಳು ಒಂದು ಎಫ್‌ಎಸ್‌ಆರ್ ತುಂಬುವಂತೆ ಆರಿಸಿದ್ದು ಇದಕ್ಕೇ. ಯಾವ ಉಂಗುರಕ್ಕೆ ಯಾವ ಬಣ್ಣ ಎಂದು ಮೊದಲೇ ಕಟ್ಟಬೇಡಿ. ಪ್ರತಿ ಉಂಗುರ ತನಗೆ ಹತ್ತಿರ ಇರುವ ಬಣ್ಣ ಹಿಡಿಯಲಿ, ಬಿಟ್‌ಗಳ ಕ್ರಮವನ್ನು ಎಲೆಕ್ಟ್ರಾನಿಕ್ಸ್‌ನಲ್ಲಿ ಸರಿಮಾಡಿಕೊಳ್ಳಿ. ಉಂಗುರಗಳೆಲ್ಲ ಒಟ್ಟಿಗೆ ಒಂದೇ ಕಡೆ ಸರಿದಿದ್ದರೆ, ಆಗ ಹೆಚ್ಚೆಂದರೆ 1.6 ನ್ಯಾನೋಮೀಟರ್ ಸರಿಸಿದರೆ ಸಾಕು. ಸರಾಸರಿ 1.6 ಮಿಲಿವಾಟ್, ಬಿಟ್‌ಗೆ 31 ಫೆಮ್ಟೋಜೂಲ್.

ನಂತರ ಬೆಳಕಿನ ನಷ್ಟ. ಫೈಬರ್‌ನಿಂದ ಚಿಪ್‌ಗೆ ಬರುವಲ್ಲಿ 1 ಡೆಸಿಬೆಲ್ ಉಳಿಸಿದರೆ ಲೇಸರ್ ಲೆಕ್ಕದಲ್ಲಿ ಸುಮಾರು 80 ಫೆಮ್ಟೋಜೂಲ್ ಉಳಿಯುತ್ತದೆ. ಇಡೀ ಮಾಡ್ಯುಲೇಟರ್ ತಿನ್ನುವುದರ ಮೂರು ಪಟ್ಟು.

ಉಂಗುರ ಬೇಡ ಎನಿಸಿದರೆ

ಎಲ್ಲ ಕಡೆಗೂ ಉಂಗುರ ಸರಿಹೋಗುವುದಿಲ್ಲ. ನೂರಾರು ಕಿಲೋಮೀಟರ್ ದೂರದ ಕೊಹೆರೆಂಟ್ ಲಿಂಕ್‌ಗೆ (ಬೆಳಕಿನ ಫೇಸ್ ಮೇಲೂ ಡೇಟಾ ಬರೆಯುವ ಲಿಂಕ್) ಫೇಸ್ ಸ್ವಚ್ಛವಾಗಿ ಬೇಕು. ಅಲ್ಲಿ ತೆಳು ಪದರದ ಲಿಥಿಯಂ ನಯೋಬೇಟ್ ಮೇಲು. 2018ರಲ್ಲಿ ಹಾರ್ವರ್ಡ್ ತಂಡ ಅದರಲ್ಲಿ ಸಾಮಾನ್ಯ ಚಿಪ್ ವೋಲ್ಟೇಜ್‌ಗೇ ಓಡುವ ಮಾಡ್ಯುಲೇಟರ್ ತೋರಿಸಿತು. ನಷ್ಟ ತೀರಾ ಕಡಿಮೆ, ಉಷ್ಣತೆಯ ಕಾಟ ಕಡಿಮೆ, ಆದರೆ ಉದ್ದ ಮಿಲಿಮೀಟರ್‌ಗಟ್ಟಲೆ. ಜರ್ಮೇನಿಯಂ-ಸಿಲಿಕಾನ್ ಹೀರಿಕೆ ಮಾಡ್ಯುಲೇಟರ್ ಕೆಲವು ಹತ್ತು ಮೈಕ್ರಾನ್‌ನಲ್ಲಿ ಮುಗಿಯುತ್ತದೆ, ಉಂಗುರದಷ್ಟು ಹೀಟರ್ ಕೇಳುವುದಿಲ್ಲ, ಆದರೆ ಕೆಲಸ ಮಾಡುವ ಬಣ್ಣದ ಪಟ್ಟಿ ಕಿರಿದು. ಇವುಗಳಲ್ಲಿ ಯಾವುದನ್ನು ಆರಿಸಿದರೂ ಹಂತ 11ರ ಮೂರು ಸಾಲುಗಳನ್ನು, ಅಂದರೆ ಡ್ರೈವ್, ಹೀಟರ್, ಲೇಸರ್, ಬೇರೆ ಬೇರೆಯಾಗಿ ಬರೆದು ಪಕ್ಕಪಕ್ಕ ಇಟ್ಟು ನೋಡಿ. ಉಂಗುರದಲ್ಲಿ ಹೀಟರ್ ಸಾಲು ದೊಡ್ಡದಾಗುತ್ತದೆ, ಲಿಥಿಯಂ ನಯೋಬೇಟ್‌ನಲ್ಲಿ ಟರ್ಮಿನೇಶನ್ ಇರುವುದರಿಂದ ಡ್ರೈವ್ ಸಾಲು ದೊಡ್ಡದಾಗುತ್ತದೆ, ಲೇಸರ್ ಸಾಲು ಕುಗ್ಗುತ್ತದೆ.